ಅನುಸೂಯಳ ಮನೆಯ ಗೋಲಿ ಸೋಡಾ

ವಿಜಯಪುರ,
೯ ಅಕ್ಟೋಬರ್ ೧೯೭೪

ಕಾಶಿಯಲ್ಲಿ ವ್ಯಾಪಾರಕ್ಕೆ ಕೂತಿರುವ ನಮ್ಮ ಯಜಮಾನರಿಗೆ ಆದಿಲಕ್ಷ್ಮಿಯ ನಮಸ್ಕಾರಗಳು.

ಹೇಗಿದ್ದೀರಿ? ಹೊಟ್ಟೆನೋವು ಕಡಿಮೆಯಾಯಿತೇ? ಅಲ್ಲಿನ ಊಟ ನಿಮಗೆ ಒಗ್ಗುವುದಿಲ್ಲವೆಂದೇ ರಾಗಿ ಹುರಿಹಿಟ್ಟು ಕಟ್ಟಿಕೊಟ್ಟಿದ್ದೆ. ಅದನ್ನು ಜೊತೆಯವರಿಗೆಲ್ಲ ಹಂಚಿ ದೊಡ್ಡ ಮನುಷ್ಯರಾಗಿರುತ್ತೀರಿ, ನನಗೆ ಗೊತ್ತು. ನೀರು ಕಾಯಿಸಿ ಕುಡಿಯಿರಿ, ಗಂಗೆಯಾದರೂ ಸರಿ. ಇಲ್ಲಿ ಮಕ್ಕಳು ಚೆನ್ನಾಗಿದ್ದಾರೆ. ನಾನು ಮಾತ್ರ ಬೆಳಗಿನಿಂದ ಈ ಕಾಗದಕ್ಕೆ ಕೂರುವುದು, ಏಳುವುದು, ಶೆಡ್ಡಿಗೆ ಹೋಗಿ ಒಲೆ ನೋಡಿ ಬರುವುದು, ಮತ್ತೆ ಕೂರುವುದು, ಇಷ್ಟೇ ಮಾಡುತ್ತಿದ್ದೇನೆ. ನಿಮ್ಮ ತಂತಿ ನೆನ್ನೆ ಬಂತು. ಪೋಸ್ಟ್‌ಮ್ಯಾನ್ ಬೀದಿಗೆಲ್ಲ ಕೇಳುವಂತೆ ಅದರ ಅರ್ಥ ಹೇಳಿ ಹೋದ: ಚರಂಡಿ ತೆಗೆಸು, ಎಲ್ಲ ಒಲೆ ಹಚ್ಚಿಸು.

ಹಾಗಾದರೆ ಮೇಸ್ತ್ರಿ ಆವಲಪ್ಪ ನಿಮಗೆ ಕಾಗದ ಬರೆಸಿ ಹಾಕಿದ್ದಾನೆ. ಮಾವನವರ ಕಾಲದಿಂದ ನಮ್ಮ ಶೆಡ್ಡಿನಲ್ಲಿ ರೇಷ್ಮೆ ನೂಲು ಬಿಚ್ಚಿಸುತ್ತಿರುವವನು, ಬೈಯುವ ಹಾಗಿಲ್ಲ. ಆದರೆ ಅಮ್ಮಾವ್ರು ಚರಂಡಿಗೆ ಕಲ್ಲಿಟ್ಟು ಮಣ್ಣು ಮೆತ್ತಿಸಿದರು ಎನ್ನುವುದು ಕಥೆಯ ಕೊನೆ. ಮೊದಲು ಏನಾಯಿತೆಂದು ನಾನು ಹೇಳುತ್ತೇನೆ, ಸಿಟ್ಟು ಮಾಡಿಕೊಳ್ಳದೆ ಓದಿ. ಮಾಡಿಕೊಂಡರೂ ಪೂರ್ತಿ ಓದಿ.

ಗೌರಿಹಬ್ಬದ ದಿನ ಕೆಳಗಿನ ಬೀದಿಯಿಂದ ನಿಮ್ಮ ತಂಗಿ ಅನುಸೂಯ ಬಾಗಿನಕ್ಕೆ ಬಂದಳು. ಅಣ್ಣ ಊರಲ್ಲಿಲ್ಲ ಎಂಬ ಕೊರತೆ ಅವಳಿಗೆ ಕಾಣಬಾರದೆಂದು ನಾನೇ ಆರಿಸಿದ ಸೀರೆಯನ್ನು ಮೊರದ ಜೊತೆ ಇಟ್ಟು ಕೊಟ್ಟೆ. ಅವಳು ಸೀರೆ ಮುಟ್ಟಲಿಲ್ಲ. "ಸೀರೆ ಇರ್ಲಿ ಅತ್ತಿಗೆ. ನಿಮ್ಮ ಬಾವೀದು ಎರಡು ಬಿಂದಿಗೆ ನೀರು ಹೊರಿಸ್ಕೊಡಿ, ಅಷ್ಟು ಸಾಕು" ಅಂದಳು. ತಮಾಷೆ ಅಂದುಕೊಂಡು ನಾನು ನಕ್ಕೆ. ಅವಳು ನಗಲಿಲ್ಲ. ತವರಿಗೆ ಬಂದ ಹೆಣ್ಣುಮಗಳು ಬಾಗಿನದ ದಿನ ಕುಡಿಯುವ ನೀರು ಕೇಳಿದಳು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

ಮರುದಿನ ಅವಳ ಮನೆಗೆ ಹೋದೆ. ಬಾಗಿಲಲ್ಲಿ ನನ್ನನ್ನು ಕಂಡವಳೇ ಅಂಗಡಿಯಿಂದ ಗೋಲಿ ಸೋಡಾ ತರಿಸಲು ಹೊರಟಳು. "ನನ್ನ ತಂಗಿ ನನಗೆ ನೀರು ಕೊಡೋದೇ ಇಲ್ಲ ಕಣೆ, ಏನಿದ್ರೂ ಸೋಡಾನೇ" ಎಂದು ನೀವು ಎಷ್ಟು ಸಲ ಮೀಸೆ ತಿರುವಿದ್ದೀರಿ! ನಾನು ಕೂರಲಿಲ್ಲ, ಹಿತ್ತಲಿಗೆ ಹೋಗಿ ಅವಳ ಬಾವಿಗೆ ಕೊಡ ಇಳಿಸಿದೆ. ಬಂದದ್ದು ಕಾಫಿ ಡಿಕಾಕ್ಷನ್ ಬಣ್ಣದ ನೀರು, ಮೇಲೆ ನೊರೆ, ಬೆಂದ ಹುಳುವಿನ ವಾಸನೆ. ಆ ವಾಸನೆ ಯಾರದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಶೆಡ್ಡಿನ ಚರಂಡಿ ಇಳಿದು ನಿಲ್ಲುವುದು ಅವಳ ಹಿತ್ತಲ ಬೇಲಿಯ ಪಕ್ಕದಲ್ಲೇ. ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲವೆಂದು ಗದರಿದೆ. "ಅಣ್ಣನ ಕಾರ್ಖಾನೆ ಅತ್ತಿಗೆ, ಏನಂತ ಹೇಳ್ಲಿ? ನಮ್ಮ ಅತ್ತೆ ಮುಂದೆ ಅಣ್ಣನ್ನ ಬಿಟ್ಕೊಡಕ್ಕಾಗುತ್ತಾ?" ಅಂದಳು. ಮುನಿಶಾಮಪ್ಪ ಅಂಡ್ ಸನ್ಸ್ ಎಂದು ಬೋರ್ಡು ಬರೆಸಿದ್ದೀರಲ್ಲ, ಮುನಿಶಾಮಪ್ಪನವರ ಮಗಳ ಪಾಲಿಗೆ ಬಂದದ್ದು ಚರಂಡಿ.

ಅಂದೇ ಕಲ್ಲಿಡಿಸಿದೆ. "ಊರೋರೆಲ್ಲ ಬಿಡ್ತಾರೆ ಕಣವ್ವಾ, ನಮಗೊಬ್ಬರಿಗೇ ಯಾಕೆ ಈ ಮಡಿ?" ಎಂದ ಆವಲಪ್ಪ. ನಮ್ಮ ಹಿತ್ತಲಲ್ಲಿ ಗುಂಡಿ ತೆಗೆಸಿ ಮರಳು, ಇದ್ದಿಲು ತುಂಬಿಸಿದೆವು. ಅದು ಎರಡೇ ದಿನಕ್ಕೆ ಉಕ್ಕಿ ನಮ್ಮ ಅಡಿಗೆಮನೆಯ ಬಾಗಿಲಿಗೇ ಬಂತು. ಆ ನಾತದಲ್ಲಿ ಮಕ್ಕಳು ಅನ್ನ ಬಿಟ್ಟು ಎದ್ದರು. ಪಕ್ಕದ ಶೆಡ್ಡಿನ ಬೈರಣ್ಣ ಗೋಡೆಯ ಮೇಲಿಂದ ಬಗ್ಗಿ ನೋಡಿ ನಕ್ಕ. ಕಲ್ಲು ಕೀಳಿಸಲು ನನಗೂ ಬಾಯಿತನಕ ಮಾತು ಬಂದಿತ್ತು.

ಬಿಡಲು ಜಾಗವಿಲ್ಲದ ಮೇಲೆ ನೀರನ್ನೇ ಕಡಿಮೆ ಮಾಡಬೇಕಲ್ಲ. ಇದುವರೆಗೂ ನಾವು ಗೂಡು ಬೇಯಿಸುವುದೂ ನೂಲು ಬಿಚ್ಚುವುದೂ ಒಂದೇ ಬಾಂಡಲೆಯಲ್ಲಿ, ಕೆಟ್ಟ ಕೂಡಲೇ ಸುರಿಯುವುದು. ಗೂಡನ್ನು ಬೇರೆ ಚಿಕ್ಕ ಪಾತ್ರೆಯಲ್ಲಿ ಬೇಯಿಸಿ, ಬಿಚ್ಚಲು ಬಾಂಡಲೆಯಲ್ಲಿ ಬರೀ ಬಿಸಿನೀರು ಇಟ್ಟರೆ ಹೇಗೆ ಎಂದೆ. ಆವಲಪ್ಪ ಗೊಣಗುತ್ತಲೇ ಮಾಡಿದ. ಮೊದಲ ಸಲ ಅತಿಯಾಗಿ ಬೆಂದು ಒಂದು ಮಂಕರಿ ಗೂಡು ಹಾಳಾಯಿತು, ಅದನ್ನೂ ಅವನು ನಿಮಗೆ ಬರೆಸಿರಬೇಕು. ಆಮೇಲೆ ಹದ ಸಿಕ್ಕಿತು. ಬಾಂಡಲೆಯ ನೀರು ಸಂಜೆಯವರೆಗೂ ತಿಳಿಯಾಗಿರುತ್ತದೆ, ಸೌದೆಯೂ ಕಡಿಮೆ ಸಾಕು. ಉಳಿದ ಕೊಳೆನೀರು ಗುಂಡಿಯಲ್ಲಿ ಇಂಗಿ ಹಿಪ್ಪುನೇರಳೆ ಸಾಲಿಗೆ ಹೋಗುತ್ತಿದೆ. ನೂಲಿನ ಹೊಳಪು ಕಂಡು ಆವಲಪ್ಪನೇ ಅದನ್ನು ಬೆರಳಿಗೆ ಸುತ್ತಿ ಸುತ್ತಿ ನೋಡಿದ. ನಮ್ಮ ನೂಲು ಮಂಕು ಎಂದು ಅಲ್ಲಿನ ಸೇಟು ಮೂಗು ಮುರಿದನೆಂದು ಬರೆದಿದ್ದಿರಿ, ಗೂಡು ಕೊಡುವ ಸೊಣ್ಣಪ್ಪನನ್ನು ಶಪಿಸಿದ್ದಿರಿ. ಪಾಪ, ಅವನ ಗೂಡಿನಲ್ಲಿ ದೋಷವಿರಲಿಲ್ಲ, ನಮ್ಮ ನೀರಿನಲ್ಲಿತ್ತು. ಹೊಸ ನೂಲಿನ ಒಂದು ಲಡಿ ಪಾರ್ಸೆಲ್ ಮಾಡಿದ್ದೇನೆ. ಬೆಳಕಿಗೆ ಹಿಡಿದು ಸೇಟಿಗೆ ತೋರಿಸಿ. ಬೈರಣ್ಣ ನೆನ್ನೆ ನಗದೆ ಬಂದು ಗೂಡು ಬೇಯಿಸುವ ಪಾತ್ರೆಯ ಅಳತೆ ಕೇಳಿಕೊಂಡು ಹೋದ.

ಆದರೆ ಗುಂಡಿ ಮತ್ತೆ ಉಕ್ಕಬಾರದೆಂದು ಅರ್ಧ ಒಲೆ ಮಾತ್ರ ಹಚ್ಚಿಸುತ್ತಿದ್ದೇನೆ. ದೀಪಾವಳಿಯೊಳಗೆ ನೀವು ಒಪ್ಪಿಕೊಂಡಷ್ಟು ಮಾಲು ಆಗುವುದಿಲ್ಲ, ಅರ್ಧ ಆದೀತು. ಆರ್ಡರು ಕೈತಪ್ಪಿದರೆ ನಿಮ್ಮ ಮಾತು ಹೋಗುತ್ತದೆ, ಮತ್ತೆ ಆ ಊರಿನಲ್ಲಿ ತಲೆಯೆತ್ತುವುದು ಕಷ್ಟ. ಅದಕ್ಕೇ ನಿದ್ದೆ ಬರುತ್ತಿಲ್ಲ. ಹಾಗಿದ್ದರೂ ನಿಮ್ಮ ತಂತಿಯಂತೆ ನಾನು ನಡೆಯಲಿಲ್ಲ. ಮದುವೆಯಾದ ಮೇಲೆ ನಿಮ್ಮ ಮಾತು ಮೀರಿದ್ದು ಇದೇ ಮೊದಲು ಎಂದರೆ ನೀವು ನಂಬುವುದಿಲ್ಲ, ಬಿಡಿ.

ಪಿತೃಪಕ್ಷ ಮುಗಿಯುತ್ತಿದೆ. ಅಮಾವಾಸ್ಯೆಗೆ ಮಾವನವರಿಗೆ ಎಡೆ ಇಡುತ್ತೇನೆ, ನೀವು ಗಂಗೆಯಲ್ಲಿ ಅವರ ಹೆಸರು ಹೇಳಿ ಮುಳುಗಿ. ಮಕ್ಕಳು ನಿಮ್ಮ ಕಾಲಿಗೆ ಬಿದ್ದಿದ್ದಾರೆ. ಚಳಿಗೆ ಕಿವಿ ಮುಚ್ಚಿಕೊಳ್ಳಿ.

ನಿಮ್ಮ,
ಆದಿಲಕ್ಷ್ಮಿ

ಕವರು ಅಂಟಿಸುವ ಮುಂಚೆ ಇನ್ನೊಂದು ಮಾತು: ಅನುಸೂಯಳ ಬಾವಿ ಇನ್ನೂ ತಿಳಿಯಾಗಿಲ್ಲ. ನೀವು ಬಸ್ಸಿಳಿದವರು ನೇರ ಮನೆಗೆ ಬರಬೇಡಿ, ಮೊದಲು ಅವಳ ಮನೆಗೆ ಹೋಗಿ. ಸೋಡಾ ತರಲು ಓಡುತ್ತಾಳೆ. ಬೇಡವೆಂದು ತಡೆದು ಒಂದು ಲೋಟ ನೀರು ಕೇಳಿ. ಅವಳು ಅತ್ತರೂ ಬಿಡಬೇಡಿ, ಕೇಳಿ ಕುಡಿಯಿರಿ. ಆಮೇಲೂ ಚರಂಡಿ ತೆಗೆಯಬೇಕು ಅನ್ನಿಸಿದರೆ ಬನ್ನಿ, ಹಾರೆ ನಾನೇ ತಂದು ಕೊಡುತ್ತೇನೆ.