ಮೀನು ಮಾರುತ್ತಾ ನೀರು ಕುಡಿದದ್ದು

ಜನವರಿ 9, ಶುಕ್ರವಾರ

ಬಂಗುಡೆ ಹನ್ನೊಂದಕ್ಕೇ ಖಾಲಿ. ತಲ್ಲೂರಿನ ನಮ್ಮ ರಸ್ತೆ ಬದಿಗೇ ಆಸ್ಪತ್ರೆಯವರ ಕ್ಯಾಂಪ್ ಬಂದಿತ್ತು. ಕರುಳಿನ ಕ್ಯಾನ್ಸರ್ ಮೊದಲೇ ಗೊತ್ತಾಗುತ್ತದಾ ಅಂತ ಹೊಸ ಯೂರಿನ್ ಟೆಸ್ಟ್ ಮಾಡಿ ನೋಡುತ್ತಿದ್ದಾರಂತೆ.

ಅಮ್ಮ ತೀರಿಹೋದದ್ದು ಅದೇ ಕಾಯಿಲೆಯಲ್ಲಿ. ಮಲದಲ್ಲಿ ರಕ್ತ ಹೋದರೆ ‘ಉಷ್ಣ’ ಅಂತ ಮುಚ್ಚಿಟ್ಟಳು. ನಾನು ಹೆಸರು ಕೊಟ್ಟೆ.

ಪಕ್ಕದ ಬುಟ್ಟಿಯ ಸುಂದರಿಗೆ ನಗು. “ನಿಂಗ್ ಎಂತ ಆಯ್ತ್ ಜಲಜ? ಗುಂಡ್‌ಕಲ್ಲಿನ್ ಹಾಂಗ್ ಗಟ್ಟಿ ಇದ್ದೆ!”

ಬಾಟಲಿಗೆ ಬಂದದ್ದು ಎರಡೇ ಚಮಚ. ಹಾಲಿಲ್ಲದ ಕಟ್ ಚಾದ ಬಣ್ಣ.

ಜನವರಿ 19

ಕ್ಯಾಂಪಿನ ಸಿಸ್ಟರ್ ಅನಿಷಾ ಫೋನ್. “ಸ್ಯಾಂಪಲ್ ಸಾಕಾಯ್ಲಿಲ್ಲ ಅಕ್ಕ. ನೀರ್ ಕುಡೂದಿಲ್ಯಾ ನೀವು? ನಾಳೆ ಬತ್ತೆ, ಕುಡ್ಕಂಡ್ ಇರಿ.”

ಮೀನು ಮಾರುವ ನಾವ್ಯಾರೂ ಕುಡಿಯುವುದಿಲ್ಲ! ಮನೆ ಬಿಟ್ಟರೆ ಬುಟ್ಟಿ ಖಾಲಿಯಾಗುವವರೆಗೆ ಗುಟುಕು ನೀರಿಲ್ಲ. ಕುಡಿದರೆ ಹೋಗುವುದೆಲ್ಲಿಗೆ, ಹೈವೇ ಬದಿಯಲ್ಲಿ? ಬುಟ್ಟಿ ಹೊರಿಸಿದ ದಿನವೇ ಅಮ್ಮ ಕಲಿಸಿದ ಪಾಠ. ನಾಳೆ ಮುರಿಯುತ್ತೇನೆ.

ಜನವರಿ 20

ಒಂದು ಲೀಟರ್ ಕುಡಿದೆ. ಹತ್ತಕ್ಕೇ ತಡೆಯಲಾಗಲಿಲ್ಲ. ಎದುರಿನ ಹೋಟೆಲಿಗೆ ನುಗ್ಗಿದೆ. ಮಾಲೀಕ ಭೋಜರಾಜಣ್ಣ ಮೂಗು ಮುರಿದರು — “ಟಾಯ್ಲೆಟ್ ಗಿರಾಕಿಗಳಿಗ್ ಮಾತ್ರ.”

“ನಿಮ್ಮ್ ಬಂಗ್ಡಿ ಗಸಿಗೆ ಮೀನ್ ಕೊಡುದ್ ಯಾರ್?” ಅಂದೆ.

ಕೀ ಕೊಟ್ಟರು. ಇನ್ನು ದಿನಾ ಕೇಳುತ್ತೇನೆ. ಹನ್ನೊಂದಕ್ಕೆ ಅನಿಷಾಗೆ ಬಾಟಲಿ ತುಂಬಿಸಿಯೇ ಕೊಟ್ಟೆ.

ಫೆಬ್ರವರಿ 3

ಟೆಸ್ಟ್‌ನಲ್ಲಿ ಏನೋ ಕಂಡಿದೆಯಂತೆ. ಇದೇ ಕೊನೆಯ ಮಾತಲ್ಲ, ಕರುಳಿಗೆ ಕ್ಯಾಮರಾ ಹಾಕಿ ನೋಡಬೇಕು, ಶನಿವಾರ ಕುಂದಾಪುರಕ್ಕೆ ಬನ್ನಿ ಅಂದಳು ಅನಿಷಾ.

ಹೆದರಿಕೆ ಆಯ್ತು. ಬಚ್ಚಲಿಗೆ ಹೋಗಿ ಅತ್ತೆ. ಅತ್ತರೂ ಹೋಗುವವಳೇ.

ಫೆಬ್ರವರಿ 4

ಸುಂದರಿಗೆ ಹೇಳಿದೆ. ನಗಲಿಲ್ಲ. ನನ್ನ ನೀರಿನ ಬಾಟಲಿ ಎತ್ತಿ ಗಟಗಟ ಕುಡಿದಳು... ಅಕ್ಕಪಕ್ಕ ಕೂತು ಮಾರಿದ ಹದಿನೆಂಟು ವರ್ಷದಲ್ಲಿ ಮೊದಲ ಸಲ.

“ನಂಗೂ ರಕ್ತ ಹೋತ್ತ್ ಮಾರಾಯ್ತಿ. ದೀಪಾವಳಿಂದ. ಉಷ್ಣ ಅಂದ್ಕಂಡ್ ಸುಮ್ನಿದ್ದೆ.”

ಅಮ್ಮನದ್ದೇ ಮಾತು! ಸಿಟ್ಟು ಬಂತು, ಬೈದೆ. ರಕ್ತ ಹೋಗುತ್ತಿದ್ದರೆ ಟೆಸ್ಟ್‌ಗೆ ಕಾಯುವುದಲ್ಲ, ಸೀದಾ ಡಾಕ್ಟರು. “ಶನಿವಾರ ಒಟ್ಟಿಗೆ ಹೋಪ” ಅಂದೆ. ಕೇಳಿದ್ದಲ್ಲ, ಹೇಳಿದ್ದು.

ಫೆಬ್ರವರಿ 7, ಬೆಳಿಗ್ಗೆ 6

ಕರುಳು ತೊಳೆಯುವ ಔಷಧಿ ಕುಡಿದು ಕುಡಿದು ಹೊಟ್ಟೆ ಪೂರಾ ಖಾಲಿ. ಸುಂದರಿ ಬರುತ್ತಾಳೋ ಇಲ್ಲವೋ ಅಂತ ರಾತ್ರಿಯಿಡೀ ಅದೇ ಯೋಚನೆ —

ಹೊರಗೆ ಅವಳದ್ದೇ ಸ್ವರ. “ಹ್ವಾಯ್ ಜಲಜ, ಬಸ್ ಬಂತ್! ಬಪ್ಪುದಾ ಇಲ್ಯಾ?”

ಬಂದೆ ಮಾರಾಯ್ತಿ. ಅಮ್ಮ ಹತ್ತದೇ ಬಿಟ್ಟ ಬಸ್ಸು ಇದು. ನಾವಿಬ್ಬರೂ ಹತ್ತುತ್ತೇವೆ.