ಅರವತ್ತಮೂರು ಮೈಗಳ ಅಳತೆ

ಮಾರ್ಚ್ ೧೪, ಶುಕ್ರವಾರ

ಹದಿನೆಂಟು ವರ್ಷ ಒಂದೇ ಮೇಜಿನ ಎದುರುಬದುರು ಕೂತು ದುಡಿದವರಿಗೆ,

ಇಲ್ಲಿ ನಾನು ಕ್ಷೇಮ, ಹೊಲಿಗೆಯಂತ್ರ ಕ್ಷೇಮ. ನೀವು ಸತ್ತಿತು ಎಂದು ಬರೆದ ಕಂಪ್ಯೂಟರೂ ಕ್ಷೇಮ. ಅದನ್ನು ತಿಳಿಸಲಿಕ್ಕೇ ಈ ಪತ್ರ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಹಾರ್ಡ್ ಡಿಸ್ಕ್ ಹೋಯಿತು, ಒಳಗಿದ್ದ ಬಟ್ಟೆ ಕತ್ತರಿಸುವ ನಕ್ಷೆಗಳೂ ಹೋದವು, ಇನ್ನು ಅಂಗಡಿ ಇಟ್ಟುಕೊಂಡು ಏನು ಮಾಡುತ್ತೀ, ಬಾಗಿಲು ಹಾಕಿ ಇಲ್ಲಿಗೆ ಬಂದುಬಿಡು ಎಂದಿದ್ದೀರಿ. ನೀವು ಹೋಗಿ ಸೇರಿದ ಕಾರ್ಖಾನೆಯ ಎರಡನೇ ಸಾಲಿನಲ್ಲಿ ಕಾಲರ್ ಕೂಡಿಸುವ ಜಾಗ ಖಾಲಿ ಇದೆ, ನನಗಾಗಿ ಮಾತಾಡಿಟ್ಟಿದ್ದೀರಿ. ಕೊನೆಯಲ್ಲಿ, ಅಲ್ಲಿಯ ಅಂಗಿಗಳು ಒಂದೂ ಸರಿಯಿಲ್ಲ, ಎಲ್ಲವೂ ಒಂದು ಕಡೆ ಜಾರುತ್ತವೆ ಎಂದು ದೂರು ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಆ ಡಿಸ್ಕಿನಲ್ಲಿ ಏನಿತ್ತೆಂದು ನಿಮಗೂ ಗೊತ್ತು. ಸಿದ್ಧ ಉಡುಪು ಒಪ್ಪದ ಅರವತ್ತಮೂರು ಮೈಗಳ ಅಳತೆ. ಗಾಲಿಕುರ್ಚಿಯಲ್ಲೇ ಕೂರುವವರದು, ಒಂದು ತೋಳು ಗಿಡ್ಡ ಇರುವವರದು, ಗೂನುಬೆನ್ನಿನ ಗ್ರಂಥಪಾಲಕಿಯದು. ಮತ್ತೆ ಅಳೆದುಕೋ ಎಂದು ಒಂದು ಸಾಲಿನಲ್ಲಿ ಬರೆದುಬಿಟ್ಟಿರಿ. ಟೇಪು ಹಿಡಿದರೆ ಅಳತೆ ಸಿಗುತ್ತದೆ, ನಿಜ. ಆದರೆ ಆ ಗ್ರಂಥಪಾಲಕಿ ಅಕ್ಕನ ಬೆನ್ನಿನ ತುಂಡೊಂದನ್ನೇ ನಾನು ಕಾಗದದ ಮೇಲೆ ಒಂಬತ್ತು ಸಲ ತಿದ್ದಿದ್ದೇನೆ; ನೀವು ಅದನ್ನು ಕಂಪ್ಯೂಟರಿಗೆ ಏರಿಸಿ ಕಾಗದ ಎಸೆದಿರಿ. ಆ ತಿದ್ದುಪಡಿಯನ್ನು ಯಾವ ಟೇಪು ಕೊಡುತ್ತದೆ? ಆ ನಕ್ಷೆಗಳಿಲ್ಲದಿದ್ದರೆ ನಾನು ನಿಜಕ್ಕೂ ಕಾಲರ್ ಕೂಡಿಸುವವಳೇ.

ಸೂಜಿ ನಿನ್ನದು, ಯಂತ್ರ ನನ್ನದು ಎಂದು ನೀವು ಮೊದಲೇ ಇಲಾಖೆ ಹಂಚಿದ್ದಿರಿ. ನಾನು ಕೀಲಿಮಣೆಯ ಧೂಳು ಒರೆಸಿದರೂ, "ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯ್ತು, ಬಿಡೇ ಅದನ್ನ" ಎನ್ನುತ್ತಿದ್ದಿರಿ. ನಾನೂ ನಗುತ್ತಿದ್ದೆ. ಆ ನಗುವಿನ ಬಗ್ಗೆ ನನಗೀಗ ನಾಚಿಕೆಯಾಗುತ್ತದೆ.

ಗ್ರಂಥಪಾಲಕಿ ಬಂದು ನನ್ನ ಮುಖ ನೋಡಿದರು. ಮುಂದಿನ ಗುರುವಾರ ಅವರು ಇಡೀ ಗ್ರಂಥಾಲಯದ ಮುಖ್ಯಸ್ಥೆಯಾಗಿ ನಾಲ್ಕು ಜನರೆದುರು ನಿಲ್ಲಬೇಕು, ಆ ದಿನಕ್ಕೊಂದು ಕೋಟು ಬೇಕು. ವಿಷಯ ಕೇಳಿದವರೇ, "ಸತ್ತಿದೆ ಅಂತ ಯಾರು ಹೇಳಿದ್ದು? ನೀವೇ ನೋಡಿದ್ರಾ?" ಎಂದರು. ಮಾರನೆಯ ದಿನ ಒಂದು ಪೆನ್‌ಡ್ರೈವ್ ತಂದರು. ಅದರಲ್ಲಿ ಲಿನಕ್ಸ್ ಎಂಬ, ಕಂಪ್ಯೂಟರನ್ನು ನಡೆಸುವ ತಂತ್ರಾಂಶ ಇತ್ತು. ಡಿಸ್ಕ್ ಇಲ್ಲದಿದ್ದರೂ ಕಂಪ್ಯೂಟರ್ ಇದರಿಂದಲೇ ಏಳುತ್ತದಂತೆ.

ಎದ್ದಿತು. ಎದ್ದು ಪರದೆ ಕಪ್ಪಾಗಿ ಕೂತಿತು. ನೀವು ಹೇಳಿದ್ದೇ ಸರಿ ಇರಬೇಕು ಎಂದು ಅರ್ಧ ಗಂಟೆ ಅತ್ತೆ, ಒಪ್ಪಿಕೊಳ್ಳುತ್ತೇನೆ. ಆಮೇಲೆ ಗ್ರಂಥಾಲಯಕ್ಕೆ ಹೋಗಿ, ಅಲ್ಲಿಯ ಕಂಪ್ಯೂಟರಿನಿಂದ ಲಿನಕ್ಸ್ ಬಳಸುವವರ ಅಂತರ್ಜಾಲ ಗುಂಪೊಂದರಲ್ಲಿ ಬರೆದೆ: ನಾನು ದರ್ಜಿ, ನನ್ನ ಪರದೆ ಕಪ್ಪು. ಒಬ್ಬ ಮಹಾಶಯ, ಮೊದಲು ಕೈಪಿಡಿ ಓದಿಕೊಂಡು ಬನ್ನಿ ಎಂದು ಗದರಿಸಿದ. ಮುದಿಗೂಬೆ ಎಂಬ ಹೆಸರಿಟ್ಟುಕೊಂಡ ಇನ್ನೊಬ್ಬರು ಮಾತ್ರ, "ಹೆದರ್ಬೇಡಿ ಅಮ್ಮಾ, ಯಂತ್ರಕ್ಕೆ ಜೀವ ಇದೆ, ಮುಖ ತೋರ್ಸೋಕೆ ಆಗ್ತಿಲ್ಲ ಅಷ್ಟೇ" ಎಂದರು. ಶುರುವಿನ ಪಟ್ಟಿಯಲ್ಲಿ ಇ ಅಕ್ಷರ ಒತ್ತಿ, ಒಂದು ಸಾಲಿನ ತುದಿಗೆ ನೋಮೋಡ್‌ಸೆಟ್ ಎಂಬ ಪದ ಸೇರಿಸಲು ಹೇಳಿದರು. ಸೇರಿಸಿದೆ. ಪರದೆ ಬಂತು!

ಬಂದದ್ದು ಸೊಟ್ಟಗೆ. ಗೋಡೆಯ ಗಡಿಯಾರದ ಹಾಗಿನ ಗುಂಡು ಚಿತ್ರವೊಂದು ಮೊಟ್ಟೆಯಾಗಿ ಮಲಗಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನೀವು ನಗಬಹುದು. ಈ ಸಲ ನೆಲವೇ ಡೊಂಕಾಗಿತ್ತು. ಕೊರಳಲ್ಲಿದ್ದ ಟೇಪು ತೆಗೆದು ಪರದೆಯ ಮೇಲೇ ಹಿಡಿದೆ: ಆ ಮೊಟ್ಟೆಯ ಅಗಲ ಹತ್ತು, ಎತ್ತರ ಎಂಟು. ಅದನ್ನು ಬರೆದು ಕಳಿಸಿದಾಗ ಮುದಿಗೂಬೆ, ಮೂವತ್ತು ವರ್ಷದಲ್ಲಿ ಯಾರೂ ತಮಗೆ ಇಂಥ ವರದಿ ಕೊಟ್ಟಿಲ್ಲ ಎಂದರು. ಮೊದಲು ಸೇರಿಸಿದ್ದ ಪದ ತೆಗೆದು, ಆ ಜಾಗದಲ್ಲಿ ಪರದೆಯ ನಿಜವಾದ ಅಗಲ, ಎತ್ತರ ಬರೆಯಲು ಹೇಳಿದರು. ಎರಡು ಅಂಕಿ, ಅಷ್ಟೇ. ಅಳತೆ ಕೊಟ್ಟರೆ ಮಾತು ಕೇಳುವ ವಸ್ತುವಿಗೆ ನಾನು ಇಷ್ಟು ವರ್ಷ ಹೆದರಿದ್ದೆನಲ್ಲ!

ಪರದೆ ಸರಿಹೋಯಿತು, ಡಿಸ್ಕ್ ಮಾತ್ರ ಪಟ್ಟಿಯಲ್ಲೇ ಇರಲಿಲ್ಲ. ಕಂಪ್ಯೂಟರಿನ ಡಬ್ಬ ಬಿಚ್ಚಿ ಕೇಬಲ್ ನೋಡಿ ಎಂದರು ಮುದಿಗೂಬೆ. ಮುಟ್ಟಿದರೆ ಕರೆಂಟ್ ಹೊಡೆಯುತ್ತದೆ ಎಂದು ನೀವು ಹೆದರಿಸಿದ್ದ ಡಬ್ಬ. ವೈರ್ ಕಿತ್ತು, ಹೊಲಿಗೆಯಂತ್ರದ ಸ್ಕ್ರೂಡ್ರೈವರಿನಿಂದ ನಾಲ್ಕು ಸ್ಕ್ರೂ ತೆಗೆದೆ.

ಡಿಸ್ಕಿನ ಕೇಬಲ್ ಕಳಚಿತ್ತು. ತಾನಾಗಿ ಕಳಚಿದ್ದಲ್ಲ. ನೀಟಾಗಿ ಮಡಚಿ, ಮೂಲೆಗೆ ಸೇರಿಸಿ, ಹಸಿರು ದಾರದಿಂದ ಕಟ್ಟಿತ್ತು. ಎರಡು ಸುತ್ತು, ಒಳಗಿನಿಂದ ಕುಣಿಕೆ, ತುದಿ ಓರೆಯಾಗಿ ಕತ್ತರಿಸಿದ್ದು. ಹದಿನೆಂಟು ವರ್ಷ ಅಂಗಡಿಯ ಪ್ರತಿ ಪೊಟ್ಟಣಕ್ಕೂ ನೀವು ಹಾಕಿದ ಗಂಟು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ದಾರವೂ ನನ್ನ ರೀಲಿನದೇ.

ಸಿಟ್ಟು ಬಂತು. ಬಾ ಎಂದು ಕರೆದಿದ್ದರೆ ಯೋಚಿಸುತ್ತಿದ್ದೆನೋ ಏನೋ. ಬರದೆ ಬೇರೆ ದಾರಿ ಇರಬಾರದು ಎಂದು ನನ್ನ ಕೈ ಕಟ್ಟಿ ಹೋದಿರಲ್ಲ.

ಕೇಬಲ್ ಸಿಕ್ಕಿಸಿದ ಮೇಲೆ ಡಿಸ್ಕ್ ಕಾಣಿಸಿತು, ಆದರೆ ಕಟಕಟ ಎನ್ನುತ್ತಿತ್ತು. ಅಷ್ಟರ ಮಟ್ಟಿಗೆ ನಿಮ್ಮ ಮಾತಿನಲ್ಲೂ ಕಾಳಿನಷ್ಟು ನಿಜವಿತ್ತು. ಪೂರ್ತಿ ಕೆಡುವ ಮೊದಲು ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಬೇಕು, ಹೆಚ್ಚು ಸಲ ಓಡಿಸಿದರೆ ಸತ್ತೀತು ಎಂದು ಮುದಿಗೂಬೆ ಎಚ್ಚರಿಸಿದರು. ಗ್ರಂಥಪಾಲಕಿ ತಮ್ಮದೊಂದು ಖಾಲಿ ಡಿಸ್ಕ್ ಕೊಟ್ಟರು. ಲಿನಕ್ಸ್ ಹಳೆಯದಕ್ಕೆ ಎ, ಹೊಸದಕ್ಕೆ ಬಿ ಎಂದು ಅಕ್ಷರ ಕೊಟ್ಟಿತ್ತು. ನಾನು ದರ್ಜಿಯಲ್ಲವೇ, ಮರೆಯಬಾರದೆಂದು ಸೀಮೆಸುಣ್ಣದಿಂದ ಎರಡರ ಮೇಲೂ ಗುರುತು ಹಾಕಿದೆ. ಕಂಪ್ಯೂಟರ್ ಆರಿಸಿ ಮಲಗಿದೆ.

ಬೆಳಗ್ಗೆ ಎ ಯಿಂದ ಬಿ ಗೆ ಎಂದು ಆಜ್ಞೆ ಬರೆದೆ. ಬೆರಳು ಎಂಟರ್ ಮೇಲಿತ್ತು. ಆದರೆ ಕತ್ತರಿ ಹಾಕುವ ಮುನ್ನ ಇನ್ನೊಮ್ಮೆ ಟೇಪು ಹಿಡಿಯದೆ ನನ್ನ ಕೈ ಮುಂದೆ ಹೋಗುವುದಿಲ್ಲ. ಎರಡರ ಗಾತ್ರ ಕೇಳಿದೆ. ಮುನ್ನೂರಿಪ್ಪತ್ತು ಜಿಬಿಯ ಹಳೆಯ ಡಿಸ್ಕ್ ಬಿ ಆಗಿ ಕೂತಿತ್ತು, ಐನೂರು ಜಿಬಿಯ ಖಾಲಿಯದು ಎ! ಪ್ರತಿ ಸಲ ಎದ್ದಾಗಲೂ ಅಕ್ಷರಗಳು ಅದಲುಬದಲಾಗಬಹುದಂತೆ. ಎಂಟರ್ ಒತ್ತಿದ್ದರೆ ಖಾಲಿಯದು ನಕ್ಷೆಗಳ ಮೇಲೆ ಹರಡಿ, ಅರವತ್ತಮೂರು ಮೈಗಳೂ ಅಳಿಸಿಹೋಗುತ್ತಿದ್ದವು. ನಿಮ್ಮ ಗಂಟು ಮಾಡಲಾಗದ್ದನ್ನು ನನ್ನ ಸೀಮೆಸುಣ್ಣವೇ ಮಾಡಿಬಿಡುತ್ತಿತ್ತು. ಗುರುತು ಒರೆಸಿ, ಅಕ್ಷರ ತಿದ್ದಿ, ಒತ್ತಿದೆ.

ಏಳು ಗಂಟೆ ಹಿಡಿಯಿತು. ಎಲ್ಲವೂ ಬಂದವು. ಗ್ರಂಥಪಾಲಕಿಯ ಕೋಟು ಈಗ ಮೇಜಿನ ಮೇಲಿದೆ, ಗುಂಡಿ ಹಚ್ಚುವುದಷ್ಟೇ ಬಾಕಿ.

ಹಾಗಾಗಿ ನಾನು ಬರುವುದಿಲ್ಲ. ಕಾಲರ್ ಕೂಡಿಸುವ ಜಾಗ ಬೇರೆ ಯಾರಿಗಾದರೂ ಕೊಡಿಸಿ. ನಿಮಗೆ ಬರಬೇಕೆನ್ನಿಸಿದರೆ ಬಾಗಿಲು ಅಲ್ಲೇ ಇದೆ, ಆದರೆ ಇಲಾಖೆಗಳು ಮೊದಲಿನಂತಿಲ್ಲ. ಯಂತ್ರವೂ ನನ್ನದು. ಹಸಿರು ದಾರವನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಗಂಟು ಬಿಚ್ಚಿಲ್ಲ, ಕತ್ತರಿಸಿದ್ದೇನೆ.

ಇಂತಿ,
ನಾಲ್ಕು ಸ್ಕ್ರೂ ಬಿಚ್ಚಿ, ನಾಲ್ಕನ್ನೂ ಮತ್ತೆ ಹಾಕಿದ
ದರ್ಜಿ

ಮರೆತ ಮಾತು: ಗಿರಾಕಿಗಳು ಅರವತ್ತೆರಡೇ ಅಲ್ಲವೇ ಎಂದು ನೀವು ಲೆಕ್ಕ ಹಾಕುತ್ತಿರಬಹುದು. ಹೆಸರು ಬರೆಯದೆ ನಿಮ್ಮ ಕೈಗೆ ಕೊಟ್ಟ ಒಂದನೇ ನಂಬರಿನ ನಕ್ಷೆ ನಿಮ್ಮದು. ನಿಮ್ಮ ಎಡ ಹೆಗಲು ಬಲದ್ದಕ್ಕಿಂತ ಮುಕ್ಕಾಲು ಇಂಚು ಕೆಳಗಿದೆ. ಮದುವೆಯಾದ ಹೊಸದರಲ್ಲೇ ಕಂಡೆ. ನೀವು ನೊಂದುಕೊಳ್ಳುತ್ತೀರೆಂದು ಹೇಳಲಿಲ್ಲ, ಪ್ರತಿ ಅಂಗಿಯ ಎಡ ಹೆಗಲಿನೊಳಗೂ ತೆಳ್ಳಗೊಂದು ಪದರ ಇಟ್ಟು ಹೊಲಿದೆ. ಜಾರುವುದು ಅಲ್ಲಿಯ ಅಂಗಿಗಳ ತಪ್ಪಲ್ಲ. ನಕಲು ಮುಗಿದಾಗ ನಾನು ಮೊದಲು ತೆರೆದು ನೋಡಿದ್ದು ಕೋಟಿನ ನಕ್ಷೆಯನ್ನಲ್ಲ, ನಿಮ್ಮದನ್ನೇ. ಮುದ್ರಿಸಿ ದಾರದ ಜೊತೆ ಇಟ್ಟಿದ್ದೇನೆ, ಅಲ್ಲಿಯ ದರ್ಜಿಗೆ ತೋರಿಸಿ.