ಕಣ್ಕಟ್ಟಿ

ತೋಟದ ಮನೆ,
ಡಿಸೆಂಬರ್ ೧೪, ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯಾ? ಕೆಮ್ಮು ಹೋಯಿತೇ? ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಮಲಗುತ್ತಿದ್ದೀಯೆಂದು ನಂಬಿದ್ದೇನೆ. ಎಲ್ಲಕ್ಕಿಂತ ಮೊದಲು ನಿನ್ನ ಕಣ್ಣಿನ ವಿಷಯ ಕೇಳಬೇಕು. ಹೊಸ ಹಿಮ ಬಿದ್ದಾಗಿನಿಂದ ಕಣ್ಣ ಮುಂದೆ ಬೆಳ್ಳಗೆ ಏನೋ ಕವಿದಂತಿರುತ್ತದೆ, ಉಷ್ಣಮಾಪಕದ ಗೆರೆ ಓದಲು ಮತ್ತೆ ಮತ್ತೆ ಬಗ್ಗಬೇಕಾಗುತ್ತದೆ ಎಂದು ಬರೆದಿದ್ದೆ. ಬೆಟ್ಟದ ತುದಿಯಲ್ಲಿ ಬಿಸಿಲು ಹಿಮದ ಮೇಲೆ ಬಿದ್ದು ಹೊಳೆಯುವುದರಿಂದ ಹಾಗಾಗುತ್ತದೆ, ಹೆದರುವಂಥದ್ದಲ್ಲ ಎಂದು ಅಪ್ಪ ಪೇಪರಿನಲ್ಲಿ ಓದಿದ್ದಾರಂತೆ. ಆದರೂ ಹವಾಮಾನ ಠಾಣೆಯಲ್ಲಿ ಕೂತು ಮಾಪಕ ಓದುವವನಿಗೆ ಕಣ್ಣೇ ಅನ್ನ. ಜನವರಿಯ ಕಣ್ಣಿನ ಪರೀಕ್ಷೆಯಲ್ಲಿ ಪಾಸಾದರೆ ತಾನೇ ನಿನ್ನ ನೌಕರಿ ಕಾಯಂ ಆಗುವುದು? ಪೇಟೆಯಿಂದ ಕಪ್ಪು ಕನ್ನಡಕ ತರಿಸಿದ್ದೇನೆ, ಈ ಪತ್ರದ ಜೊತೆಗೇ ಬರುತ್ತದೆ. ಹೊರಗೆ ಕಾಲಿಡುವಾಗ ಹಾಕಿಕೋ, ಜೊತೆಗಾರರು ನಕ್ಕರೆ ನಗಲಿ. ಇನ್ನೊಂದು ಮಾತು. ನಿನ್ನ ಹೋದ ಸಲದ ಪತ್ರ ನೋಡಿ ನಾನು ನಕ್ಕದ್ದೇ ನಕ್ಕದ್ದು. ಸಾಲುಗಳು ಒಂದರ ಹೆಗಲ ಮೇಲೊಂದು ಹತ್ತಿ ಕುಳಿತಿದ್ದವು, ಕೊನೆಯ ಸಾಲು ಹಾಳೆಯ ಅಂಚಿನಿಂದ ಕೆಳಗೇ ಬಿದ್ದಿತ್ತು. ಮುತ್ತು ಪೋಣಿಸಿದ ಅಕ್ಷರವೆಂದು ಶಾಲೆಯಲ್ಲಿ ಬಹುಮಾನ ತೆಗೆದುಕೊಂಡವನು ನೀನೇನಾ ಎಂದುಕೊಂಡೆ. ಮುಂದಿನ ಸಲ ಗೆರೆ ಹಾಕಿದ ಹಾಳೆಯಲ್ಲಿ ಬರೆ ಮಾರಾಯ.

ಇಲ್ಲಿ ನಾವೆಲ್ಲ ಕ್ಷೇಮ. ಬಳ್ಳಿ ಸವರುವ ಕೆಲಸ ಅರ್ಧ ಮುಗಿದಿದೆ. ಸುಗ್ಗಿಯ ಹೊತ್ತಿಗೆ ಸಂಶೋಧನಾ ಕೇಂದ್ರದಿಂದ ಒಬ್ಬ ಹೆಂಗಸು ಬಂದು ನಮ್ಮ ಬಿಳಿ ದ್ರಾಕ್ಷಿಯ ಎಲೆಗಳನ್ನು ಕಾಗದದ ಮಧ್ಯೆ ಇಟ್ಟುಕೊಂಡು ಹೋದರೆಂದು ಬರೆದಿದ್ದೆನಲ್ಲ, ಬೀದಿಯವರೆಲ್ಲ ಅವರಿಗೆ ‘ಎಲೆ ಮೇಡಂ’ ಎಂದೇ ಹೆಸರಿಟ್ಟಿದ್ದಾರೆ. ಈ ಕಣಿವೆಯಲ್ಲಿ ಕಣ್ಕಟ್ಟಿ ದ್ರಾಕ್ಷಿ ಇರುವುದು ನಮ್ಮ ತೋಟದಲ್ಲಿ ಮಾತ್ರ. ಈ ಜಾತಿ ಎಲ್ಲಿ ಹುಟ್ಟಿತು, ಅದಕ್ಕೆ ಈ ಹೆಸರು ಏಕೆ ಬಂತು ಎಂದು ಕಂಡುಹಿಡಿಯುವುದು ಅವರ ಕೆಲಸ. ಅಪ್ಪನಿಗೆ ಕೇಳುವವರು ಸಿಕ್ಕರೆ ಸಾಕು. ಮುತ್ತಜ್ಜ ಕಣಿವೆಯಾಚೆಯಿಂದ ಒಂದೇ ಒಂದು ಚಿಗುರುಕಣ್ಣನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ತಂದರು, ಕಾಡುಬಳ್ಳಿಯ ಬುಡಕ್ಕೆ ಅದನ್ನು ಕಸಿ ಕಟ್ಟಿದರು, ಕಣ್ಣು ಕಟ್ಟಿದ್ದರಿಂದ ಕಣ್ಕಟ್ಟಿ ಎಂದು ಹಳೆಯ ಕಥೆಯನ್ನು ಮೊದಲಿನಿಂದ ಹೇಳಿದರು. ಹಿಂದೆ ನಿಂತಿದ್ದ ನಿನ್ನ ಭಾವ, “ಆ ಒಂದು ಕಣ್ಣಿನ ಕಥೆ ಹೇಳಿ ಹೇಳಿ ಮಾವ ನಮ್ಮ ಎರಡೂ ಕಣ್ಣಲ್ಲಿ ನೀರು ತರಿಸ್ತಾರೆ ನೋಡಿ” ಎಂದರು. ಮೇಡಂ ನಗಲಿಲ್ಲ. ಕಥೆ ಚೆನ್ನಾಗಿದೆ, ಆದರೆ ಕಸಿ ಕಟ್ಟಿದ ಬಳ್ಳಿಗೆಲ್ಲ ಆ ಹೆಸರು ಬರಬೇಕಿತ್ತಲ್ಲ, ಇದೊಂದಕ್ಕೇ ಏಕೆ ಎಂದು ಕೇಳಿದರು. ನನಗೆ ಅಜ್ಜಿಯ ನೆನಪಾಯಿತು. ನಾವಿಬ್ಬರೂ ಹೆಸರಿನ ಬಗ್ಗೆ ಕೇಳಿದಾಗಲೆಲ್ಲ ಅವಳು, “ಇಟ್ಟವರಿಗೆ ಗೊತ್ತಿತ್ತು ಬಿಡ್ರೋ” ಎಂದು ಮಾತು ಮುಗಿಸಿಬಿಡುತ್ತಿದ್ದಳು. ಮೇಡಂ ಆಮೇಲೆ ಕಣಿವೆಯಾಚೆಗೇ ಹೋದರಂತೆ, ಅಲ್ಲಿಯ ಬಳ್ಳಿಗಳನ್ನು ನೋಡಲು. ಇವತ್ತು ವಾಪಸು ಬರುವ ದಾರಿಯಲ್ಲಿ ನಮ್ಮಲ್ಲಿಗೆ ಬರುತ್ತಾರೆ. ಅಪ್ಪ ಬೆಳಿಗ್ಗೆಯೇ ಮುಖ ಕ್ಷೌರ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮದುಮಗನ ಹಾಗೆ ಕೂತಿದ್ದಾರೆ.

ನಿನ್ನ ಭಾವನಿಗಂತೂ ತಾಮ್ರದ ಹಂಡೆಯದೇ ಧ್ಯಾನ. ಅಜ್ಜಿ ಇದ್ದಾಗ ಈ ಮನೆಯಲ್ಲಿ ಭಟ್ಟಿ ಇಳಿಸುವ ಮಾತೆತ್ತಲು ಯಾರಿಗೂ ಧೈರ್ಯವಿರಲಿಲ್ಲ. “ರಸ ಪೀಪಾಯಿಗೆ, ಸಿಪ್ಪೆ ಗುಂಡಿಗೆ” ಎಂದು ಅವಳು ಹೇಳುತ್ತಿದ್ದುದು ನಿನಗೂ ನೆನಪಿರಬೇಕು. ಹಿಂಡಿ ಉಳಿದ ಸಿಪ್ಪೆಯನ್ನು ದನಕ್ಕೂ ಹಾಕಲು ಬಿಡದೆ, ಹಿತ್ತಲ ಗುಂಡಿಗೆ ಸುರಿಸಿ, ತಾನೇ ನಿಂತು ಮೇಲೆ ಸುಣ್ಣ ಹಾಕಿಸುತ್ತಿದ್ದಳು. ಅವಳ ಮಡಿಯೆಂದೇ ನಾವು ತಿಳಿದಿದ್ದೆವು. “ಅಜ್ಜಿ ಹತ್ರ ಹಂಡೆ ಇರಲಿಲ್ಲ, ಅದಕ್ಕೆ ಗುಂಡಿ ತೋಡಿದ್ರು. ಚಿನ್ನ ಹೂಳೋ ಜನ ನೀವು” ಎಂದು ಭಾವ ಈ ವರ್ಷ ಸಿಪ್ಪೆಯನ್ನೆಲ್ಲ ಹುಳಿಬರಿಸಿ ಇಳಿಸಿಯೇಬಿಟ್ಟರು. ಗುಂಡಿ ಮೊದಲ ಸಲ ಖಾಲಿ ಬಿದ್ದಿದೆ, ಒಣಗಿದ ಎಲೆ ತುಂಬಿಕೊಂಡಿದೆ. ಅದರ ಪಕ್ಕದಲ್ಲಿ ಹಾದುಹೋಗುವಾಗ ಯಾಕೋ ಮನಸ್ಸಿಗೆ ಸರಿಬರುವುದಿಲ್ಲ, ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಾಳೆ ಅನ್ನಿಸುತ್ತದೆ. ಇಳಿಸಿದ ದಿನ ಮೊದಲು ತೊಟ್ಟಿಕ್ಕಿದ್ದು ಮೂಗು ಸುಡುವಷ್ಟು ಘಾಟಾಗಿತ್ತು. ಅದೇ ಎಲ್ಲಕ್ಕಿಂತ ಶ್ರೇಷ್ಠವೆಂದು ಭಾವ ಬೇರೆಯಾಗಿ ಎತ್ತಿಟ್ಟರು. ತಾವು ಕುಡಿಯಲಿಲ್ಲ, ಮಾರಲೂ ಇಲ್ಲ. ಹಂಡೆಗೆ ಬೆಸುಗೆ ಹಾಕಿಕೊಟ್ಟ ಪೀಪಾಯಿ ಮಾವನಿಗೆ ಒಂದಿಷ್ಟು, ಚಳಿಯಲ್ಲಿ ಕೂತ ಭಾವಮೈದನಿಗೆ ಉಳಿದದ್ದು. ಅದು ಕೈಸೇರಿದ್ದಕ್ಕೆ, ದಿನಾ ರಾತ್ರಿ ಅರ್ಧ ಲೋಟ ಕುಡಿದರೆ ಮೈ ಬೆಚ್ಚಗಾಗುತ್ತದೆ ಎಂದು ನೀನು ಬರೆದದ್ದಕ್ಕೆ ಅವರು ಎಷ್ಟು ಹಿಗ್ಗಿದರೆಂದರೆ ಆ ಸಾಲನ್ನು ನನ್ನಿಂದ ಎರಡು ಸಲ ಓದಿಸಿದರು. ಇನ್ನೂ ಎರಡು ಬಾಟಲಿಗಳನ್ನು ಹುಲ್ಲು ಸುತ್ತಿ ಕಟ್ಟಿಟ್ಟಿದ್ದೇನೆ.

ಪೀಪಾಯಿ ಮಾವನದು ಮಾತ್ರ ಬೇಸರದ ಸುದ್ದಿ. ವಯಸ್ಸಾಯಿತು ಅನ್ನಬೇಕೋ ಏನೋ. ಪೀಪಾಯಿಗೆ ಬಳೆ ಹೊಡೆಯುವಾಗ ಸುತ್ತಿಗೆ ತಪ್ಪಿ ಹೆಬ್ಬೆರಳು ಜಜ್ಜಿಕೊಂಡಿದ್ದಾರೆ. ಕಣ್ಣುಮುಚ್ಚಿ ಹೊಡೆದರೂ ಕಬ್ಬಿಣದ ಪಟ್ಟಿಯ ಮೇಲೇ ಸುತ್ತಿಗೆ ಬೀಳುತ್ತಿದ್ದ ಕೈ ಅದು. ಮೊನ್ನೆ ನಡುಮಧ್ಯಾಹ್ನ ಅವರ ಕಾರ್ಖಾನೆಗೆ ಹೋದರೆ, “ದೀಪ ಹಾಕಮ್ಮಾ, ಹೊಗೆ ತುಂಬ್ಕೊಂಡಿದೆ” ಎಂದರು. ಹೊಗೆ ಇರಲಿಲ್ಲ. ಒಲೆಯೂ ಉರಿದಿರಲಿಲ್ಲ. ತಲೆನೋವು, ಊಟ ಸೇರುವುದಿಲ್ಲ ಎಂದು ಅತ್ತೆ ಹೇಳಿದರು. ನಾನು ಎದುರಿಗೇ ನಿಂತಿದ್ದರೂ ಮಾವ ನನ್ನ ಭುಜದಾಚೆ ಯಾರನ್ನೋ ನೋಡುತ್ತ ಮಾತಾಡಿದರು. ಮನೆಗೆ ಬಂದ ಮೇಲೂ ಆ ನೋಟ ನನ್ನ ಬೆನ್ನು ಬಿಡಲಿಲ್ಲ.

ಅಂಚೆಯ ಗೊಣಗಪ್ಪ ಹೇಸರಗತ್ತೆಗೆ ನೀರು ಕುಡಿಸಿ ಬಂದು ಹೊಸ್ತಿಲಲ್ಲಿ ಕೂತಿದ್ದಾನೆ. ಮಧ್ಯಾಹ್ನದೊಳಗೆ ಹೊರಡದಿದ್ದರೆ ದಾರಿ ಮುಚ್ಚುತ್ತದೆ, ಅಕ್ಕ ತಮ್ಮ ಇಬ್ಬರೂ ಸೇರಿ ತನ್ನನ್ನು ಹಿಮದಲ್ಲಿ ಹೂಳುತ್ತೀರಿ ಎಂದು ಗೊಣಗುತ್ತಿದ್ದಾನೆ. ಹೊರಗೆ ಕಾರು ನಿಂತ ಸದ್ದು, ಮೇಡಂ ಇರಬೇಕು. ಅವರು ಹೇಳುವ ಕಥೆ ಮುಂದಿನ ಪತ್ರಕ್ಕೆ ಉಳಿಯಲಿ. ಅಪ್ಪನ ಆಶೀರ್ವಾದ, ಭಾವನ ನೆನಪು. ಹೊಟ್ಟೆ ತುಂಬ ಉಣ್ಣು, ಕಣ್ಣು ಜೋಪಾನ.

ನಿನ್ನ
ಅಕ್ಕ

ಮರೆತ ಮಾತಲ್ಲ, ಈಗ ತಿಳಿದದ್ದು: ಗೊಣಗಪ್ಪನನ್ನು ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ. ಆ ಬಾಟಲಿಯಲ್ಲಿ ಉಳಿದದ್ದನ್ನು ಈ ಸಾಲು ಓದಿದ ಕ್ಷಣ ನೆಲಕ್ಕೆ ಚೆಲ್ಲು. ಒಂದು ಗುಟುಕೂ ಬೇಡ, ಯಾರಿಗೂ ಕೊಡಬೇಡ. ಮೇಡಂ ಹೇಳಿದರು, ಅಪ್ಪನ ಕಥೆಯಲ್ಲಿ ಅರ್ಧ ನಿಜ. ಬಳ್ಳಿ ಬಂದದ್ದು ಕಣಿವೆಯಾಚೆಯಿಂದಲೇ, ಎಲೆಗೆ ಎಲೆ ತಾಳೆಯಾಗಿದೆ. ಅಲ್ಲಿಯವರ ಮಾತಿನಲ್ಲಿ ಅದರ ಹೆಸರಿಗೆ ‘ಕಣ್ಣಿಗೆ ಬಟ್ಟೆ ಕಟ್ಟುವವಳು’ ಎಂದು ಅರ್ಥವಂತೆ. ಮುತ್ತಜ್ಜ ಅದನ್ನೇ ನಮ್ಮ ಮಾತಿಗೆ ತಿರುಗಿಸಿದ್ದು. ಹಿಂದೊಮ್ಮೆ ಅಲ್ಲಿಯ ಒಂದು ಬೀದಿಯ ಜನ ಇದರ ಸಿಪ್ಪೆಯಿಂದ ಇಳಿಸಿದ್ದನ್ನು ಕುಡಿದು ಕಣ್ಣು ಕಳೆದುಕೊಂಡರು, ಹೆಸರು ಬಂದದ್ದು ಆಮೇಲೆ. ರಸದಲ್ಲಿ ದೋಷವಿಲ್ಲ, ವಿಷವೇಳುವುದು ಸಿಪ್ಪೆ ಹುಳಿತಾಗ. “ಅಲ್ಲಿ ಸಿಪ್ಪೆ ಹೂಳೋ ಹಾಗೆ ನಿಮ್ಮಲ್ಲೂ ಸುಣ್ಣದ ಗುಂಡಿ ಇದೆಯಲ್ವಾ?” ಎಂದು ಮೇಡಂ ಹಿತ್ತಲಿಗೆ ಹೋದರು. ಖಾಲಿ ಗುಂಡಿ ನೋಡಿದರು, ಆಮೇಲೆ ಹಂಡೆ ನೋಡಿದರು. “ಮೊದಲು ಇಳಿದದ್ದನ್ನಾದ್ರೂ ಚೆಲ್ಲಿದ್ರಿ ತಾನೆ? ಅದರಲ್ಲೇ ಎಲ್ಲಕ್ಕಿಂತ ಹೆಚ್ಚು ವಿಷ” ಎಂದು ಭಾವನನ್ನು ಕೇಳಿದರು. ಅದನ್ನು ಯಾರ್ಯಾರಿಗೆ ಕೊಟ್ಟೆನೆಂದು ಭಾವ ಹೇಳಿದರು. ಪೀಪಾಯಿ ಮಾವನನ್ನು ಮೇಡಂ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದರು, ಭಾವನೂ ಹೋಗಿದ್ದಾರೆ. ಅಪ್ಪ ಗುಂಡಿಯ ದಂಡೆಯಲ್ಲಿ ಕೂತಿದ್ದಾರೆ, ಕರೆದರೂ ಏಳುತ್ತಿಲ್ಲ.

ನಿನಗೆ ಕವಿದದ್ದು ಹಿಮವಲ್ಲ. ಠಾಣೆಯ ಟೆಲಿಫೋನ್ ತಂತಿ ಇನ್ನೂ ಕಡಿದೇ ಇದೆಯಂತೆ, ಇಲ್ಲದಿದ್ದರೆ ಪತ್ರಕ್ಕೆ ಕಾಯುತ್ತಿರಲಿಲ್ಲ. ಇದನ್ನು ಓದಲು ಕಷ್ಟವಾದರೆ ಜೊತೆಗಾರನಿಂದ ಓದಿಸು, ನಾಚಬೇಡ. ಗೊಣಗಪ್ಪನಿಗೂ ಬಾಯಿಮಾತಿನಲ್ಲಿ ಎಲ್ಲ ಹೇಳಿದ್ದೇನೆ, ಕೇಳಿದ ಮೇಲೆ ಅವನು ಗೊಣಗುವುದನ್ನು ನಿಲ್ಲಿಸಿದ್ದಾನೆ. ಕಟ್ಟಿಟ್ಟಿದ್ದ ಎರಡು ಬಾಟಲಿಗಳನ್ನು ಗಂಟಿನಿಂದ ಬಿಚ್ಚಿ ತೆಗೆದೆ. ಅವನ ಹೇಸರಗತ್ತೆಯ ಮೇಲೇ ಕೂತು ಇಳಿದು ಬಾ, ಪರೀಕ್ಷೆ ನೌಕರಿ ಹಾಳಾಗಿ ಹೋಗಲಿ. ಹಿಮ ಹೆಚ್ಚಿ ನಿನ್ನನ್ನು ಇಳಿಸಲಾಗದಿದ್ದರೆ ಅವನ ಕೈಯಲ್ಲಿ ಒಂದೇ ಒಂದು ಸಾಲು ಕೊಟ್ಟು ಕಳಿಸು. ಬೇರೆಯವರಿಂದ ಬರೆಸಬೇಡ, ನಿನ್ನ ಕೈಯಿಂದಲೇ ಬರೆ. ಹಾಳೆಯೊಂದನ್ನು ಇದರೊಳಗೇ ಮಡಚಿಟ್ಟಿದ್ದೇನೆ. ಗೆರೆಗಳನ್ನು ದಪ್ಪವಾಗಿ ಎಳೆದಿದ್ದೇನೆ.